ಟವರ್ ಮಲಗುವ ಹೊತ್ತು

"ಚಾಯ್ ಥಂಡಿ ಹೋರಿ ಭಾಯಿ," ಎಂದು ಅನ್ವರಿ ಬೇಗಂ ಎರಡನೆಯ ಸಲ ನೆನಪಿಸಿದರು.

ವೀರಭದ್ರ ಕಪ್ಪಿನ ಕಡೆ ನೋಡಲಿಲ್ಲ. ಚಹಾ ಆರಿದರೆ ಮತ್ತೊಂದು ಕಪ್ಪು ಬರುತ್ತದೆ, ಇಂಥ ಗಳಿಗೆ ಮತ್ತೆ ಬರುವುದಿಲ್ಲ ಎಂಬುದು ಅವನ ಲೆಕ್ಕ. ಎದುರಿಗೆ ಮಂಚದ ಅಂಚಿನಲ್ಲಿ ಬೇಗಮರ ಮಗಳು ಫರ್ಹೀನ ಫೋನು ಹಿಡಿದು ಕೂತಿದ್ದಳು. ಸರಿಯಾಗಿ ನಿದ್ದೆ ಮಾಡಿದ ಮುಖವಲ್ಲ ಅದು.

ಭಾಲ್ಕಿಯ ಧಾನ್ಯಪೇಟೆ ಗಂಜಿನ ಅಡತಿ ವ್ಯಾಪಾರಿ ಮನ್ಮಥಪ್ಪನ ಹೆಂಡತಿ ಶೈಲಶ್ರೀ ಮನೆಯಿಂದ ಕಾಣೆಯಾಗಿ ಎರಡು ವಾರವಾಗಿತ್ತು. ಹುಡುಕಿಕೊಡುತ್ತೇನೆಂದು ವೀರಭದ್ರ ಮಾತು ಕೊಟ್ಟಿದ್ದ. ಆ ಹುಡುಕಾಟವೇ ಅವನನ್ನು ಇಂದು ಬೀದರಿನ ಚಿದ್ರಿಯ ಈ ಮನೆಗೆ ತಂದು ಕೂರಿಸಿತ್ತು.

"ನಿನ್ನ ಕಸುಬು ಏನು ಬೇಟಿ? ನಿನ್ನ ಬಾಯಿಲೇ ಹೇಳು."

"ಅಂಗಡಿಯವ್ರ ಲಿಂಕ್ ವಾಟ್ಸಾಪ್ ಗ್ರೂಪಿಗಿ ಹಂಚೂದು, ಕಾಕಾ. ನಿಮಗ ಗೊತ್ತಿಲ್ಲೇನ್ರಿ?"

"ಲಿಂಕ್ ಹಂಚಲಾಕ ನನಗೂ ಬರ್ತದ. ಮತ್ತ ಊರಿನ ಅಂಗಡಿಯವ್ರೆಲ್ಲಾ ನಿನ್ನ ಬಾಗಿಲಿಗೇ ಯಾಕ ಬರ್ತಾರ?"

ಫರ್ಹೀನ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. ಆದರೆ ಕಸುಬು ಬಲ್ಲವರಿಗೆ ಕಸುಬಿನ ಮಾತು ಬಂದರೆ ನಾಲಿಗೆ ಹಿಡಿದುಕೊಳ್ಳುವುದು ಕಷ್ಟ.

"ಹೊತ್ತು ನೋಡಿ ಹಾಕ್ತೇನ್ರಿ, ಅದಕ್ಕ ಬರ್ತಾರ. ಇಂಟರ್‌ನೆಟ್ಟಿನಾಗ ಮಂದಿ ಬರೀತಾರ, ಬುಧವಾರ ಮುಂಜಾನಿ ಹಾಕು, ಮಧ್ಯಾಹ್ನ ಹಾಕಬ್ಯಾಡ ಅಂತ. ಅದು ಅವರ ದೇಶದ ಹೊತ್ತು. ನಮ್ಮ ಬೀದರದಾಗ ಮುಂಜಾನಿ ಚಹಾದ ಜೋಡಿ ಫೋನ್ ತೆಗೀತಾರ. ಶುಕ್ರವಾರ ಜುಮ್ಮಾ ನಮಾಜ್ ಮುಗಿಯೂತನ ಅರ್ಧ ಊರು ಫೋನ್ ಮುಟ್ಟೂದಿಲ್ಲ, ಮುಗಿದ ಮ್ಯಾಲ ಬಿರಿಯಾನಿ ಲಿಂಕ್ ಹಾಕಿದ್ರ ಬೆಂಕಿ ಹತ್ತಿದಂಗ ಓಡ್ತದ."

"ಭಾಲ್ಕಿ?"

"ಗಂಜಿನಾಗ ಸೋಯಾ ಹರಾಜಿನ ಸವಾಲ್ ಕೂಗಾಗ ಬಂಗಾರ ಪುಕ್ಕಟ ಅಂದ್ರೂ ಯಾರೂ ನೋಡೂದಿಲ್ರಿ. ಸವಾಲ್ ಮುಗಿದು ಉಣ್ಲಾಕ ಕೂತಾಗ ಹಾಕಬೇಕು."

"ಔರಾದ?"

ಫರ್ಹೀನಳ ಮಾತು ಅಲ್ಲಿಗೆ ನಿಂತಿತು. ಹೊರಗೆ ಗಾಡಿಯವನೊಬ್ಬ ಸೀತಾಫಲ ಕೂಗುತ್ತ ಹೋದ. ಬೇಗಂ ಮಗಳನ್ನು ನೋಡಿದರು, ಮಗಳು ನೆಲ ನೋಡಿದಳು.

ವೀರಭದ್ರ ಒಳಗೊಳಗೇ ಹಿಗ್ಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದೇ ತಾನೆ! ಬೀದರಿನಲ್ಲಿ ಪತ್ತೇದಾರ ಎಂದರೆ ಜನ ನಗುತ್ತಾರೆ. ಹುಡುಗ ಕುಡಿಯುತ್ತಾನೆಯೇ, ಹುಡುಗಿಗೆ ಮೊದಲೊಮ್ಮೆ ನಿಶ್ಚಯವಾಗಿ ತಪ್ಪಿತ್ತೇ ಎಂದು ಮದುವೆಯ ಮುಂಚೆ ಓಣಿ ಓಣಿ ವಿಚಾರಿಸಿ ಹೇಳುವುದೇ ಅವನ ಅನ್ನ. 'ಲಗ್ನದ ವೀರಭದ್ರ' ಎಂದೇ ಕರೆಯುತ್ತಿದ್ದರು. ಈ ಒಂದು ಪ್ರಕರಣ ಬಗೆಹರಿದರೆ ಆ ಹೆಸರು ಹೋಗುತ್ತದೆಂದು ಅವನಿಗೆ ಎರಡು ವಾರದಿಂದ ಆಸೆ.

"ನೀ ಹೇಳೂದಿಲ್ಲಂದ್ರ ನಾ ಹೇಳ್ತೇನಿ," ಎಂದು ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಮನ್ಮಥಪ್ಪ ಕೈ ಮುಗಿದು ಅಳೂ ವಿಡಿಯೋ ಅದ. ಹೆಂಡ್ತಿ ಫೋಟೋ ಅದ. ಅದರ ಲಿಂಕ್ ನಿನ್ನ 'ಮೂರೂರ ಬಜಾರ'ದ ಮೂರೂ ಗ್ರೂಪಿಗಿ ಹಾಕು ಅಂತ ಅವರು ಕೇಳಿದ್ರು. ನೀ ಹಾಕಿದಿ. ಬೀದರದ ಗ್ರೂಪಿಗಿ ಚಹಾದ ಹೊತ್ತಿಗಿ. ಭಾಲ್ಕಿ ಗ್ರೂಪಿಗಿ ಸವಾಲ್ ಮುಗಿದ ಮ್ಯಾಲ. ಬರೋಬ್ಬರಿ ಅದ. ಔರಾದಕ್ಕ ಮಾತ್ರ ನಡು ಮಧ್ಯಾಹ್ನ. ಯಾಕ?"

"ನೆನಪಿಲ್ರಿ. ಕೆಲಸ ಭಾಳ ಇತ್ತು."

"ನನಗ ನೆನಪದ. ಔರಾದ, ಚಿಂತಾಕಿ ಕಡಿ ಹೋಗಿ ಮಂದಿ ಫೋನ್ ಇಸ್ಕೊಂಡು ನೋಡಿ ಬಂದೀನಿ."

ನೋಡಿದ್ದು ನಿಜವೇ. ಆ ಕಡೆಯ ಹಳ್ಳಿಗಳಲ್ಲಿ ಕರೆಂಟು ಹೋಯಿತೆಂದರೆ ಟವರೂ ಹೋಗುತ್ತದೆ. ಅದರ ಬ್ಯಾಟರಿ ಹಳತಾಗಿ ಯಾವ ಕಾಲವಾಯಿತೋ. ಮಧ್ಯಾಹ್ನ ಕರೆಂಟಿಲ್ಲದ ಹೊತ್ತಿನಲ್ಲಿ ಹಾಕಿದ ಲಿಂಕು ಯಾರ ಫೋನಿಗೂ ಇಳಿಯುವುದಿಲ್ಲ. ಕರೆಂಟು ಬಂದಾಗ ಇಳಿಯುತ್ತದೆ, ಒಂದೇ ಅಲ್ಲ, ನೂರರ ಜೊತೆ. ಅಂದು ಆ ಲಿಂಕಿನ ಮೇಲೆ ಫರ್ಹೀನ ಬೀಜದ ಅಂಗಡಿಯದು, ಸೀರೆಯ ರಿಯಾಯಿತಿಯದು, ಗಂಜಿನ ಧಾರಣೆಯದು ಎಂದು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದಳು. ಎಚ್ಚರಾದ ಫೋನಿನಲ್ಲಿ ಅಷ್ಟು ಮೇಲಕ್ಕೆ ಹೋಗಿ ಹಳೆಯದನ್ನು ಯಾರು ಓದುತ್ತಾರೆ? ಕೇಳಿದವರೆಲ್ಲ 'ಹಂಗ್ಯಾವ ಲಿಂಕ್ ಬಂದಿಲ್ರಿ' ಅಂದಿದ್ದರು. ಬಂದಿತ್ತು, ಎಲ್ಲರ ಫೋನಿನಲ್ಲೂ ಇತ್ತು, ಒಬ್ಬರೂ ಕಂಡಿರಲಿಲ್ಲ.

"ಹೊತ್ತಿನ ಲೆಕ್ಕ ತಪ್ಪುವಾಕಿ ಅಲ್ಲ ನೀನು," ವೀರಭದ್ರ ಹೇಳಿದ. "ಹಾಕಬೇಕಾಗಿತ್ತು, ಹಾಕಿದಿ. ಕಾಣಬಾರದಾಗಿತ್ತು, ಮುಚ್ಚಿದಿ. ಬೀದರದಾಗ ಮುಚ್ಚಲಿಲ್ಲ, ಭಾಲ್ಕಿದಾಗ ಮುಚ್ಚಲಿಲ್ಲ. ಎಲ್ಲಿ ಮುಚ್ಚಿದ್ಯೋ, ಶೈಲಶ್ರೀ ಅಲ್ಲೇ ಅದಾಳ. ಹೌದಲ್ಲ?"

ಫರ್ಹೀನ ಮಂಚದ ಚಾದರದ ಅಂಚು ಮಡಿಸತೊಡಗಿದಳು.

ಮೊದಲ ವಾರ ಅವನು ಮನ್ಮಥಪ್ಪನ ಗುಮಾಸ್ತ ಕಲೀಮನ ಬೆನ್ನು ಹತ್ತಿದ್ದ. ಶೈಲಶ್ರೀ ಹೋದ ದಿನವೇ ಕಲೀಮ ರಜೆ ಹಾಕಿದ್ದ. ಕೊನೆಗೆ ನೋಡಿದರೆ ಅವನು ತಂಗಿಯ ಮದುವೆಗೆ ಹೋಗಿ ಪಂಕ್ತಿಯಲ್ಲಿ ಬಡಿಸುತ್ತಿದ್ದ. ಆಮೇಲೆಯೇ ವೀರಭದ್ರನ ಕಣ್ಣು ಲಿಂಕಿನ ಮೇಲೆ ಬಿದ್ದದ್ದು. ಫರ್ಹೀನ ಮತ್ತು ಶೈಲಶ್ರೀ ಕಾಲೇಜಿನ ಗೆಳತಿಯರೆಂದು ತಿಳಿದ ಮೇಲೆ ಅವನಿಗೆ ಅನುಮಾನವೇ ಉಳಿಯಲಿಲ್ಲ. ಯಾರೋ ಈ ಹುಡುಗಿಯನ್ನು ಮುಂದಿಟ್ಟುಕೊಂಡು ಒಳ್ಳೆಯ ಮನೆತನದ ಸೊಸೆಯನ್ನು ಕರೆದೊಯ್ದಿದ್ದಾರೆ ಎಂದು ತೀರ್ಮಾನಿಸಿಬಿಟ್ಟ.

"ಈಗಲೂ ಬಾಯಿ ಬಿಡೂದಿಲ್ಲೇನು?"

"ನಾ ಏನೂ ಹೇಳೂದಿಲ್ರಿ ಕಾಕಾ. ನೀವು ದೊಡ್ಡವ್ರು, ನಿಮಗ ಕೈ ಮುಗೀತೇನಿ. ಇದನ್ನ ಇಲ್ಲಿಗೇ ಬಿಡ್ರಿ."

"ಬಿಡಲಾಕ ಬರೂದಿಲ್ಲ." ವೀರಭದ್ರ ನಕ್ಕ. ಗೆದ್ದ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ, ಆದರೆ ಸುಮ್ಮನಿರುವುದು ಅವನ ಜಾಯಮಾನವಲ್ಲ. "ನಿನ್ನ ಕಸುಬು ನಾನೂ ಕಲ್ತೀನಿ ಬೇಟಿ. ಈ ವಾರ ಆ ಕಡಿ ಮೂರಕ್ಕ ಕರೆಂಟ್ ಬರ್ತದ, ಒಂದು ತಾಸು ಇರ್ತದ. ನನ್ನ ಫೋನಿನಾಗ ಔರಾದದ ವಧು-ವರ ಗ್ರೂಪ್ ಎಷ್ಟವ ಗೊತ್ತೇನು? ಹೆಣ್ಮಕ್ಕಳು ಕೆಲಸ ಮುಗಿಸಿ ಅದನ್ನೇ ನೋಡ್ಕೋತ ಕೂಡ್ತಾರ. ನಿಮ್ಮ ಗೇಟಿನ ಹೊರಗ ನಿಂತು ಆ ವಿಡಿಯೋ ಎಲ್ಲಾ ಗ್ರೂಪಿಗೂ ಹಾಕೇ ಒಳಗ ಬಂದೀನಿ."

ಫರ್ಹೀನ ಎದ್ದು ನಿಂತಳು. ದುಪಟ್ಟಾ ಜಾರಿ ನೆಲಕ್ಕೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ.

"ಏನ್ ಮಾಡಿದ್ರಿ?"

"ಯಾಕ, ನನ್ನ ಹೊತ್ತು ತಪ್ಪಿತೇನು?"

"ತಪ್ಪಿದ್ರ ಛಲೋ ಇತ್ತು ಕಾಕಾ! ತಪ್ಪಿದ್ರ ಛಲೋ ಇತ್ತು!"

ಅನ್ವರಿ ಬೇಗಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕೆಳಗೆ ಕೂತರು. ಸಿಕ್ಕಿಬಿದ್ದವರ ಭಯ ಹೇಗಿರುತ್ತದೆ ಎಂಬುದು ವೀರಭದ್ರನಿಗೆ ಗೊತ್ತು. ಇಷ್ಟು ವರ್ಷದ ಕಸುಬಿನಲ್ಲಿ ಕಂಡಿದ್ದ. ಇದು ಆ ಭಯವಲ್ಲ ಎಂದು ಅವನಿಗೆ ಅನ್ನಿಸಿತು.

ಫರ್ಹೀನ ತನ್ನ ಫೋನಿನಲ್ಲಿ ಶೈಲಶ್ರೀಯ ಆ ಫೋಟೋ ತೆರೆದು ಅವನ ಮುಖಕ್ಕೆ ಹಿಡಿದಳು.

"ಇದನ್ನ ನೋಡಿದ್ರೇನ್ರಿ?"

"ನೂರು ಸಲ ನೋಡೀನಿ."

"ಏನ್ ಕಂಡ್ರಿ?"

"ಮರ್ಯಾದಸ್ತ ಮನಿ ಸೊಸಿ. ತಲಿ ಮ್ಯಾಲ ಸೆರಗು. ಈಗಿನ ಕಾಲದಾಗ ಇಂಥಾ ಹೆಣ್ಮಕ್ಕಳು ಎಲ್ಲಿ ಸಿಗ್ತಾರ?"

"ಬಲಗಡಿ ಕಿವಿ ಕಾಣ್ತದಲ್ರಿ. ಎಡಗಡಿ?"

ವೀರಭದ್ರ ನೋಡಿದ. ಸೆರಗು ಎಡಗಡೆ ಕೆನ್ನೆಯವರೆಗೆ ಇಳಿದಿತ್ತು. ಫರ್ಹೀನ ಬೆರಳಿನಿಂದ ಮುಂದೆ ಮುಂದೆ ಸರಿಸಿದಳು. ಗೃಹಪ್ರವೇಶದ ಫೋಟೋ, ಬಸವ ಜಯಂತಿಯದು, ಯಾರದೋ ಸೀಮಂತದ ಕುಬಸದ್ದು. ಎಲ್ಲದರಲ್ಲೂ ಸೆರಗು ಎಡಗಡೆಯೇ, ಅಷ್ಟೇ ಬಿಗಿಯಾಗಿ.

"ಅದು ಮರ್ಯಾದಿ ಅಲ್ರಿ ಕಾಕಾ. ಗಂಡ ಝುಮಕಿ ಜಗ್ಗಿ ಕಿವಿ ಹರ್ದಾನ. ಅದೇ ಕಪಾಳಕ್ಕ ಹೊಡ್ದು ಹೊಡ್ದು ಈಗ ಆ ಕಿವಿ ಕೇಳ್ಸೂದೂ ಇಲ್ಲ. ಎರಡು ಸಲ ಓಡಿ ಬಂದ್ಲು. ಎರಡು ಸಲ ಹಿರ್ಯಾರು ಕೂಡಿ ರಾಜಿ ಮಾಡಿ ಕಳ್ಸಿದ್ರು. ಹಿರ್ಯಾರ ಮುಂದೂ ಅಂವ ಹಿಂಗೇ ಅತ್ತಾನ. ಹೊಡ್ದ ಮ್ಯಾಲೂ ಹಿಂಗೇ ಅಳ್ತಾನಂತ್ರಿ, ಕಾಲು ಹಿಡ್ಕೊಂಡು. ಮರುದಿನ ಮತ್ತ ಹೊಡೀತಾನ."

ವೀರಭದ್ರ ಆ ಫೋಟೋಗಳನ್ನು ಮತ್ತೆ ಮೊದಲಿನಿಂದ ಸರಿಸಿ ನೋಡಿದ. ಗಂಜಿನಲ್ಲಿ ಅವನು ಎಷ್ಟು ಜನರನ್ನು ವಿಚಾರಿಸಿದ್ದ! ಹಮಾಲರು, ದಲಾಲರು, ಹೋಟೆಲಿನವನು. ಎಲ್ಲರೂ 'ಮನ್ಮಥಪ್ಪನಂಥ ಮನಷ್ಯಾ ಸಿಗೂದಿಲ್ರಿ' ಅಂದಿದ್ದರು. ಲಗ್ನದ ವಿಚಾರಣೆಯ ಪದ್ಧತಿಯೇ ಅದು: ಗಂಡಸಿನ ಬಗ್ಗೆ ಗಂಡಸರನ್ನು ಕೇಳುವುದು, ಅಂಗಡಿಯ ಮುಂದೆ ನಿಂತು ಕೇಳುವುದು. ಹಿತ್ತಲಲ್ಲಿ ಪಾತ್ರೆ ತೊಳೆಯುವ ಹೆಂಗಸನ್ನು ಅವನು ಕೇಳಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು, ಒಬ್ಬ ಗಂಡಸು ಕಣ್ಣೀರು ಹಾಕಿದ ಕೂಡಲೇ ಕರಗಿ ಹೋಗಿದ್ದ.

"ಮೊದ್ಲೇ ನನ್ನ ಮುಂದ ಹೇಳಬಾರದಾಗಿತ್ತೇನು ತಾಯಿ?" ಎಂದ.

"ನಿಮ್ಮನ್ನ ಕಳ್ಸಿದಾಂವ ಯಾರ್ರಿ? ಅಂವನೇ ಅಲ್ಲೇನು? ನಾ ಲಿಂಕ್ ಹಾಕೂದಿಲ್ಲ ಅಂದಿದ್ರ ಅವತ್ತೇ ನನ್ನ ಮ್ಯಾಲ ಅನುಮಾನ ಬರ್ತಿತ್ತು. ಹಾಕಿದ್ರ ಶೈಲಾ ಸಿಕ್ಕು ಬೀಳ್ತಿದ್ಲು. ಅದಕ್ಕ ಹಾಕಿದೆ, ಕಾಣದಂಗ ಹಾಕಿದೆ. ಸೋಮವಾರ ಕೋರ್ಟಿನಾಗ ಅರ್ಜಿ ಕೊಡಲಾಕ ವಕೀಲರು ಕರ್ದಾರ. ಸೋಮವಾರದ ತನ ಆಕಿ ಯಾರ ಕಣ್ಣಿಗೂ ಬೀಳದಿದ್ರ ಸಾಕಿತ್ರಿ, ಅಷ್ಟೇ ಬೇಡ್ಕೊಂಡಿದ್ದೆ."

ವೀರಭದ್ರ ಗಡಬಡಿಸಿ ತನ್ನ ಫೋನು ತೆಗೆದ. ಒಂದೊಂದೇ ಗ್ರೂಪು ತೆರೆದು ತಾನು ಹಾಕಿದ ವಿಡಿಯೋ ಅಳಿಸತೊಡಗಿದ. ಮೇಲಿನದನ್ನು ಅಳಿಸಿದರೆ ಕೆಳಗೆ ಮತ್ತೊಬ್ಬರು ಅದನ್ನೇ ಹಾಕಿದ್ದರು. 'ಪಾಪ ಅಣ್ಣಾ, ಧೈರ್ಯ ಇರ್ಲಿ' ಎಂದು ಒಬ್ಬರು, 'ಎಲ್ಲಾ ಗ್ರೂಪಿಗೂ ಕಳಸ್ರಿ, ಪುಣ್ಯ ಬರ್ತದ' ಎಂದು ಇನ್ನೊಬ್ಬರು. ಕೈ ಮುಗಿದ ಚಿತ್ರಗಳು, ಅಳುವ ಮುಖದ ಚಿತ್ರಗಳು ಸಾಲಾಗಿ ಬಂದಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಲಿಂಕು ಆ ಮಾತಿಗಿಂತ ಜೋರಾಗಿ ಓಡುತ್ತದೆಂದು ವೀರಭದ್ರ ಈಗ ಕಲಿತ. ಜೀವನದಲ್ಲಿ ಮೊದಲ ಸಲ ಹೊತ್ತು ನೋಡಿ ಹಾಕಿದ್ದ, ಅದು ತಪ್ಪಿರಲಿಲ್ಲ.

"ವಿಡಿಯೋದಾಗ ಫೋನ್ ನಂಬರ್ ಯಾರದದ್ರಿ? ನಿಮ್ಮದೇನು?" ಫರ್ಹೀನ ಕೇಳಿದಳು.

ವೀರಭದ್ರ ತಲೆಯಲ್ಲಾಡಿಸಿದ. "ಮನ್ಮಥಪ್ಪಂದೇ."

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅದರ ಮೇಲೆ ಮೂಡಿದ ಹೆಸರನ್ನು ಇಬ್ಬರೂ ಓದಿದರು. ಚಿಂತಾಕಿ ಈರಮ್ಮ.

"ಯಾರಿಕಿ?"

"ಸಜ್ಜಿ ರೊಟ್ಟಿ, ಶೇಂಗಾದ ಚಟ್ನಿ ಹಿಂಡಿ ಮಾಡಿ ಮಾರ್ತಾಳ್ರಿ. ಅದರ ಲಿಂಕ್ ನಾನೇ ಹಾಕ್ತೇನಿ." ಫರ್ಹೀನ ಬೆರಳನ್ನು ಫೋನಿನ ಮೇಲೆ ತಂದಳು. "ಶೈಲಾನ್ನ ಅವರ ಮನ್ಯಾಗೇ ಇಟ್ಟೀನಿ. ಗೆಳತಿ, ಕೆಲಸ ಕಲೀಲಾಕ ಬಂದಾಳ ಅಂತ ಅಷ್ಟೇ ಹೇಳೀನಿ."

ಅವಳು ಫೋನಿನ ಸ್ಪೀಕರ್ ಒತ್ತಿದಳು. ಈರಮ್ಮನ ದೊಡ್ಡ ಧ್ವನಿ ಕೋಣೆ ತುಂಬಿತು. ಆ ಧ್ವನಿಯಲ್ಲಿ ಇದ್ದದ್ದು ಬರೀ ಸಂತೋಷ.

"ಏ ಫರ್ಹೀನವ್ವ, ಎಂಥಾಕಿ ಇದ್ದಿ ನೀನು! ಆ ಹುಡುಗಿ ಗಂಡ ಹಂಗ ಅಳ್ಕೋತ ಹುಡುಕ್ಲಾಕತ್ತಾನ, ನನಗೊಂದು ಮಾತು ಹೇಳಬಾರದೇನು? ಈಗ ವಿಡಿಯೋ ನೋಡಿದೆ ನೋಡು, ನನ್ನ ಕರಳು ಚುರ್ ಅಂತು. ಗಂಡ ಹೆಂಡ್ರು ಜಗಳ ಉಂಡು ಮಲಗೂತನಾ. ಆ ನಂಬರಿಗಿ ಫೋನ್ ಹಚ್ಚಿ ಹೇಳಿಬಿಟ್ಟೀನಿ. ನನಗ ಪುಣ್ಯ ಬರ್ಲಿ."

"ಈರಮ್ಮವ್ವ, ಶೈಲಾ ಎಲ್ಲಿದಾಳ್ರಿ? ಫೋನ್ ಆಕಿ ಕೈಯಾಗ ಕೊಡ್ರಿ, ಲಗೂ ಕೊಡ್ರಿ!"

"ಒಳಗ ರೊಟ್ಟಿ ಬಡೀಲಾಕತ್ತಾಳ. ಆಕಿಗಿನ್ನ ಹೇಳಿಲ್ಲ. ಒಂದು ಕಿವಿ ಕೇಳ್ಸೂದಿಲ್ಲಲ್ಲ ಪಾಪ, ನಾ ಮಾತಾಡಿದ್ದು ಗೊತ್ತೇ ಆಗಿಲ್ಲ. ಗಂಡ ಬಂದು ಎದುರಿಗಿ ನಿಂದ್ರಲಿ, ಖುಷಿ ಆಗ್ತಾಳ. ಭಾಳ ಹೊತ್ತೂ ಬೇಕಾಗಿಲ್ಲ, ಅವರು ಔರಾದ ಬಸ್ ಸ್ಟ್ಯಾಂಡಿನಾಗೇ ಅದಾರಂತ, ಈಗೇ ಗಾಡಿ..."

ಮಾತು ಅರ್ಧಕ್ಕೆ ಕಡಿಯಿತು.

"ಈರಮ್ಮವ್ವ! ಈರಮ್ಮವ್ವ!"

ಗೋಡೆಯ ಗಡಿಯಾರದಲ್ಲಿ ನಾಲ್ಕಾಗಿತ್ತು. ಚಿಂತಾಕಿಯಲ್ಲಿ ಕರೆಂಟು ಹೋಗಿತ್ತು, ಅದರ ಜೊತೆ ಟವರೂ.

ಫರ್ಹೀನ ಶೈಲಶ್ರೀಯ ನಂಬರು ಒತ್ತಿದಳು. 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂದು ಯಾವುದೋ ಹೆಂಗಸಿನ ತಣ್ಣಗಿನ ಧ್ವನಿ ಹೇಳಿತು. ಮತ್ತೆ ಒತ್ತಿದಳು, ಮತ್ತೆ ಅದೇ. ಎರಡು ವಾರ ಗೆಳತಿಯನ್ನು ಕಾಪಾಡಿದ್ದ ಹೊತ್ತು ಈಗ ಅವಳ ಹತ್ತಿರ ಯಾರ ಕೂಗೂ ಹೋಗದಂತೆ ಬಾಗಿಲು ಹಾಕಿಕೊಂಡಿತ್ತು.

"ಅಂವ ಭಾಲ್ಕಿದಾಗ ಇರಬೇಕಾಗಿತ್ತಲ್ರಿ," ಫರ್ಹೀನ ಗೊಂದಲದಿಂದ ಕೇಳಿದಳು. "ಇವತ್ತು ಸೋಯಾ ಸವಾಲ್ ಅದ. ಅದನ್ನ ಬಿಟ್ಟು ಔರಾದದಾಗ ಯಾಕ ಕುಂತಾನ?"

ಸುಳ್ಳು ಹೇಳಬಹುದಾಗಿತ್ತು. ವೀರಭದ್ರನಿಗೆ ಅದಕ್ಕೂ ಶಕ್ತಿ ಉಳಿದಿರಲಿಲ್ಲ.

"ನಾನೇ ಕೂಡ್ಸೀನಿ. ಮುಂಜಾನಿ ಫೋನ್ ಮಾಡಿ ಹೇಳಿದೆ, ಅಂಗಡಿ ಬಿಟ್ಟು ಔರಾದ ಸ್ಟ್ಯಾಂಡಿನಾಗ ಇರ್ರಿ, ಇವತ್ತು ಸುಳಿವು ಅಲ್ಲಿಂದೇ ಬರ್ತದ ಅಂತ."

ಫರ್ಹೀನ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ನೆಲಕ್ಕೆ ಬಿದ್ದ ದುಪಟ್ಟಾ ಎತ್ತಿ ತಲೆಗೆ ಸುತ್ತಿಕೊಂಡು, "ನಡೀರಿ," ಎಂದಳು.

"ಯಾ ಅಲ್ಲಾ, ಉಸ್ ಬಚ್ಚೀ ಕೋ ಬಚಾಲೇ," ಎಂದು ಬೇಗಂ ಕೂತಲ್ಲೇ ಎರಡೂ ಕೈ ಮೇಲಕ್ಕೆ ಎತ್ತಿದರು.

ಮೆಟ್ಟಿಲು ಇಳಿಯುತ್ತಲೇ ವೀರಭದ್ರ ಪೊಲೀಸರಿಗೆ ಫೋನು ಹಚ್ಚಿದ. ಊರು, ಈರಮ್ಮನ ಮನೆ, ಮನ್ಮಥಪ್ಪನ ಹೆಸರು ಎಲ್ಲ ಹೇಳಿದ. ಗಾಡಿ ಹೊರಡಿಸುತ್ತೇವೆ ಎಂದರು. ಔರಾದಿನಿಂದ ಚಿಂತಾಕಿಗೆ ಯಾರು ಮೊದಲು ಮುಟ್ಟುತ್ತಾರೆ ಎಂಬುದು ಮಾತ್ರ ಅವರ ಕೈಯಲ್ಲೂ ಇರಲಿಲ್ಲ, ಇವನ ಕೈಯಲ್ಲೂ ಇರಲಿಲ್ಲ.

ಸ್ಕೂಟರಿನ ಹಿಂದೆ ಕೂತ ಫರ್ಹೀನ ಅದೇ ನಂಬರನ್ನು ಒತ್ತುತ್ತಲೇ ಇದ್ದಳು. ತಣ್ಣಗಿನ ಧ್ವನಿ ಅವನ ಬೆನ್ನ ಹಿಂದೆ ಮತ್ತೆ ಮತ್ತೆ ಅದನ್ನೇ ಹೇಳುತ್ತಿತ್ತು. ಸೀತಾಫಲದ ಗಾಡಿಯನ್ನು ದಾಟಿ ಔರಾದಿನ ರಸ್ತೆ ಹಿಡಿದಾಗ ಅವನ ಅಂಗಿಯ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಅವಳೇ ಆಗಿದ್ದರೆ? ಶೈಲಶ್ರೀಯೇ ಯಾವುದಾದರೂ ದಾರಿಯಿಂದ ಸುದ್ದಿ ಕಳಿಸಿದ್ದರೆ? ರಸ್ತೆಯ ಬದಿಗೆ ನಿಲ್ಲಿಸಿ ತೆಗೆದು ನೋಡಿದ.

ಮನ್ಮಥಪ್ಪನ ಮೆಸೇಜು.

'ಸಿಕ್ಕಾಳ್ರಿ. ನಿಮ್ಮ ಉಪಕಾರ ಮರೆಯೂದಿಲ್ಲ. ಹೊಂಟೀನಿ. ಇನ್ನ ಆ ವಿಡಿಯೋ ಎಲ್ಲಾ ಕಡಿಂದ ತೆಗೆಸಿಬಿಡ್ರಿ. ಇನ್ನ ಮ್ಯಾಲ ಆಕಿನ್ನ ಯಾರೂ ಹುಡುಕೂದು ಬ್ಯಾಡ.'

ಫರ್ಹೀನ ಅವನ ಹೆಗಲ ಮೇಲಿಂದ ಬಾಗಿ ಅದನ್ನು ಓದಿದಳು. ಚಿಂತಾಕಿಯ ಟವರ್ ಮತ್ತೆ ಏಳುವುದು ದೀಪ ಹಚ್ಚುವ ಹೊತ್ತಿಗೆ.